ಗೇಮಿನ ಚಟ, ಮನೆಯ ಟೆನ್ಶನ್

ಆನ್‌ಲೈನ್ ಗೇಮು ಕಾಯಿಲೆಯಾಗಬಲ್ಲದೇ ಎಂಬ ಜಗಳ ಶುರುವಾಗಿ ಸುಮಾರು ಮೂರು ದಶಕ. 1996ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್, ಇಂಟರ್‌ನೆಟ್ಟೂ ಜೂಜಿನಂತೆ ಹತ್ತಿಕೊಳ್ಳುತ್ತದೆ ಎಂದಾಗ ನಕ್ಕವರೇ ಹೆಚ್ಚು. ಆಗಿನ್ನೂ ಕಲಬುರಗಿ ಜಿಲ್ಲೆಯ ವಾಡಿ, ಶಹಾಬಾದಿನವರು ಎಸ್‌ಟಿಡಿ ಬೂತಿನ ಮುಂದೆ ಸರದಿ ನಿಲ್ಲುತ್ತಿದ್ದರು.

2013ರಲ್ಲಿ ಅಮೆರಿಕದ ಮನೋವೈದ್ಯರು ಗೇಮಿನ ಚಟವನ್ನು ಇನ್ನಷ್ಟು ಅಧ್ಯಯನ ಬೇಕಾದ ಸಮಸ್ಯೆಗಳ ಪಟ್ಟಿಗೆ ಸೇರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆ ಎಂದೇ ಒಪ್ಪಿತು. 2022ರ ಜನವರಿ 1ರಿಂದ ಅದು ಜಾರಿ. ಅದರ ವ್ಯಾಖ್ಯಾನದಲ್ಲಿ ಗಂಟೆಗಳ ಲೆಕ್ಕವೇ ಇಲ್ಲ. ಆಟದ ಮೇಲೆ ಹಿಡಿತ ತಪ್ಪಿದೆಯೇ, ಉಳಿದೆಲ್ಲಕ್ಕಿಂತ ಅದೇ ದೊಡ್ಡದಾಗಿದೆಯೇ, ಕೆಡುಕಾಗುತ್ತಿದ್ದರೂ ನಡೆದೇ ಇದೆಯೇ, ಸಾಮಾನ್ಯವಾಗಿ ಒಂದು ವರ್ಷದಿಂದ ಹೀಗಿದೆಯೇ ಎಂದಷ್ಟೇ ಅದು ಕೇಳುತ್ತದೆ. ‘ಮೂರು ತಾಸು ಆಡ್ತಾನ್ರೀ’ ಎಂಬ ತಾಯಿಯ ದೂರು ಇದಕ್ಕೆ ಸಾಲದು.

ಚಟ ಒತ್ತಡ ತರುತ್ತದೆಯೋ, ಒತ್ತಡವೇ ಚಟ ಹಚ್ಚುತ್ತದೆಯೋ ಎಂಬ ಪ್ರಶ್ನೆಯಲ್ಲಿ ಸಂಶೋಧನೆ ಎರಡು ದಾರಿ ಹಿಡಿಯಿತು. ಸಿಂಗಪುರದ 3,034 ವಿದ್ಯಾರ್ಥಿಗಳನ್ನು ಎರಡು ವರ್ಷ ಗಮನಿಸಿದ ಡಗ್ಲಾಸ್ ಜೆಂಟಿಲ್ ತಂಡ, ಚಟ ಹತ್ತಿದವರಲ್ಲಿ ಖಿನ್ನತೆ, ಆತಂಕ ಹೆಚ್ಚಿದ್ದನ್ನು 2011ರಲ್ಲಿ ವರದಿ ಮಾಡಿತು. 2014ರಲ್ಲಿ ಸಂಶೋಧಕ ಡೇನಿಯಲ್ ಕಾರ್ಡೆಫೆಲ್ಟ್-ವಿಂಥರ್ ಪ್ರಶ್ನೆಯನ್ನೇ ತಿರುಗಿಸಿದರು: ಬದುಕಿನಲ್ಲಿ ಸಿಗದ್ದನ್ನು ಹುಡುಗ ಆಟದಲ್ಲಿ ಹುಡುಕುತ್ತಿರಬಹುದಲ್ಲ? ನನಗೆ ಹೆಚ್ಚು ಹಿಡಿಸುವುದು ಈ ಮಾತು. 2017ರಲ್ಲಿ ಆಂಡ್ರ್ಯೂ ಪ್ರಿಝಿಬಿಲ್‌ಸ್ಕಿ ತಂಡ ನಾಲ್ಕು ದೇಶಗಳ ವಯಸ್ಕರನ್ನು ಪರೀಕ್ಷಿಸಿದಾಗ ರೋಗದ ಮಟ್ಟ ಮುಟ್ಟಬಹುದಾದವರು ಶೇ 1ರ ಆಸುಪಾಸಿನಲ್ಲೇ ಇದ್ದರು. ಹಾಗಾಗಿ ಆಡುವವರೆಲ್ಲರ ಮೇಲೂ ರೋಗಿಯ ಚೀಟಿ ಅಂಟಿಸುವುದು ತಪ್ಪು.

ಕರ್ನಾಟಕದಲ್ಲಿ ಈ ಅಧ್ಯಯನಕ್ಕೆ ನೆಲೆ ಸಿಕ್ಕಿದ್ದು 2014ರಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಮನೋಜ್ ಕುಮಾರ್ ಶರ್ಮಾ ತಂತ್ರಜ್ಞಾನದ ಚಟಕ್ಕೆಂದೇ ‘ಶಟ್’ ಕ್ಲಿನಿಕ್ ತೆರೆದಾಗ. ವಾಡಿಯಿಂದ ಅದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಒಂದು ರಾತ್ರಿಯ ದೂರ. ಮೊಬೈಲು ಮಾತ್ರ ಅಷ್ಟು ದೂರ ಉಳಿಯಲಿಲ್ಲ. 2016ರ ಜಿಯೋ ಅಗ್ಗದ ಡೇಟಾ ತಂದಿತು, 2020ರ ಲಾಕ್‌ಡೌನ್ ಪಾಠದ ನೆವದಲ್ಲಿ ಮಕ್ಕಳ ಕೈಗೆ ಫೋನು ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಬ್ಜಿ ಗೇಮು ನಿಷೇಧವಾದರೂ ಮರುವರ್ಷ ಬೇರೆ ಹೆಸರಲ್ಲಿ ಮರಳಿತು.

ಕಲಬುರಗಿ ಕಡೆಯ ಟೆನ್ಶನ್ ಬೇರೆಯದೇ. ಸೇಡಂ, ವಾಡಿಯ ಸಿಮೆಂಟು ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ. ಶಹಾಬಾದಿನಲ್ಲಿ ಕಲ್ಲಿನ ಗಣಿ. ಚಿತ್ತಾಪುರದಲ್ಲಿ ಮಳೆ ನಂಬಿದ ತೊಗರಿ. ಚಿಂಚೋಳಿಯ ತಾಂಡಾಗಳಿಂದ ಹೈದರಾಬಾದ್, ಮುಂಬೈಗೆ ಗುಳೆ. ಅಪ್ಪ-ಅವ್ವ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಹುಡುಗನಿಗೆ ಫ್ರೀ ಫೈರ್ ಮ್ಯಾಕ್ಸ್ ಗೇಮಿನ ‘ಸ್ಕ್ವಾಡ್’ ಆಟವೂ ಹೌದು, ಒಡನಾಟವೂ ಹೌದು. ಹಗಲು ಮಲಗಿದ ಅಪ್ಪನಿಗೆ ಗದ್ದಲವಾಗದಂತೆ ಮಗ ಇಯರ್‌ಫೋನ್ ಹಾಕಿ ಕುಳಿತರೆ ಮನೆಯವರಿಗೆ ಅದು ಶಿಸ್ತಾಗಿಯೇ ಕಾಣುತ್ತದೆ.

ದುಡ್ಡು ಕಟ್ಟುವ ರಮ್ಮಿಯದು ಬೇರೆ ಕತೆ, ಅಲ್ಲಿ ಒತ್ತಡ ಸಾಲದ ರೂಪದಲ್ಲಿ ಬರುತ್ತದೆ. ಇಂಥ ಆಟಗಳ ಮೇಲಿನ ರಾಜ್ಯದ 2021ರ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಪುಕ್ಕಟೆ ಆಡುವ ಹುಡುಗನನ್ನು ಅದು ಮುಟ್ಟುವುದಿಲ್ಲ.

ಅವನಿಗೆ 2022ರಿಂದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್‌ನ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ಇನ್ನೊಂದು ದಾರಿ ಬಳ್ಳಾರಿಯಲ್ಲಿ ಹುಟ್ಟಿದ್ದು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಗುರುತಿಸಲು ಕಲಿಸಿದ ಪ್ರಯೋಗ. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇಂದು ಆ ತರಬೇತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶ್ನೆಗಳ ಜೊತೆ ಇನ್ನೊಂದನ್ನು ಸೇರಿಸಬೇಕು: ಫೋನು ಕೆಳಗಿಟ್ಟ ಮೇಲೆ ಮನೆಯಲ್ಲಿ ನಿನ್ನ ಜೋಡಿ ಯಾರು ಮಾತಾಡ್ತಾರ?