ಕ್ಯಾಲಿಫೋರ್ನಿಯಾ ಗವರ್ನರ್ ಪದಚ್ಯುತಿ ಚುನಾವಣೆ, 2003

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2003ರ ಅಕ್ಟೋಬರ್ 7ರಂದು ನಡೆದ ವಿಶೇಷ ಚುನಾವಣೆ. ಡೆಮಾಕ್ರಟಿಕ್ ಪಕ್ಷದ ಗವರ್ನರ್ ಗ್ರೇ ಡೇವಿಸ್ ಅವಧಿಗೆ ಮುನ್ನವೇ ಅಧಿಕಾರ ಕಳೆದುಕೊಂಡರು. ರಿಪಬ್ಲಿಕನ್ ಪಕ್ಷದ ಚಿತ್ರನಟ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದರು. ಭಾರತದ ರಾಜ್ಯಪಾಲರು ರಾಷ್ಟ್ರಪತಿಯಿಂದ ನೇಮಕಗೊಳ್ಳುತ್ತಾರೆ. ಆದರೆ ಅಮೆರಿಕದ ಗವರ್ನರ್‌ಗಳನ್ನು ಮತದಾರರೇ ಆರಿಸುತ್ತಾರೆ, ರಾಜ್ಯದ ಆಡಳಿತವೂ ಅವರ ಕೈಯಲ್ಲೇ ಇರುತ್ತದೆ.

ಚುನಾಯಿತರನ್ನು ವಾಪಸು ಕರೆಸಿಕೊಳ್ಳುವ ಹಕ್ಕು ಕ್ಯಾಲಿಫೋರ್ನಿಯಾದ ಮತದಾರರಿಗೆ 1911ರಲ್ಲಿ ದೊರೆಯಿತು. ಗವರ್ನರ್ ವಿಷಯದಲ್ಲಿ, ಆ ಹುದ್ದೆಗೆ ಹಿಂದಿನ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 12ರಷ್ಟು ಸಹಿಗಳು ಬೇಕು. 2000–01ರ ವಿದ್ಯುತ್ ಬಿಕ್ಕಟ್ಟು, ಬಜೆಟ್ ಕೊರತೆ ಮತ್ತು ವಾಹನ ಶುಲ್ಕದ ಏರಿಕೆಯಿಂದಾಗಿ, 2002ರಲ್ಲಿ ಮರು ಆಯ್ಕೆಯಾಗಿದ್ದ ಡೇವಿಸ್ ವಿರುದ್ಧ ಅಸಮಾಧಾನ ಬೆಳೆಯಿತು. ಸಹಿ ಸಂಗ್ರಹಕ್ಕೆ ರಿಪಬ್ಲಿಕನ್ ಸಂಸದ ಡ್ಯಾರೆಲ್ ಐಸಾ ಹಣ ಒದಗಿಸಿದರು.

ಮತಪತ್ರದಲ್ಲಿ ಎರಡು ಪ್ರಶ್ನೆಗಳಿದ್ದವು: ಡೇವಿಸ್ ಅವರನ್ನು ಕೆಳಗಿಳಿಸಬೇಕೇ? ಇಳಿಸಿದರೆ ಉತ್ತರಾಧಿಕಾರಿ ಯಾರು? ಎರಡನೆಯದಕ್ಕೆ 135 ಅಭ್ಯರ್ಥಿಗಳಿದ್ದರು. ಶ್ವಾರ್ಜ್‌ನೆಗರ್ ಆಗಸ್ಟ್ 6ರಂದು ಜೇ ಲೆನೊ ಅವರ ದೂರದರ್ಶನ ಕಾರ್ಯಕ್ರಮದಲ್ಲಿ ಸ್ಪರ್ಧೆ ಘೋಷಿಸಿದರು. ಎರಡು ತಿಂಗಳ ಪ್ರಚಾರದಲ್ಲಿ ವಾಹನ ಶುಲ್ಕದ ಏರಿಕೆಯ ರದ್ದತಿ ಅವರ ಮುಖ್ಯ ಭರವಸೆಯಾಗಿತ್ತು. ಮಹಿಳೆಯರೊಂದಿಗಿನ ಅನುಚಿತ ವರ್ತನೆಯ ಆರೋಪಗಳು ಕೊನೆಯ ವಾರ ಪ್ರಕಟವಾದಾಗ ಅವರು ಕ್ಷಮೆ ಕೋರಿದರು.

ಪದಚ್ಯುತಿಯ ಪರ ಸುಮಾರು ಶೇ. 55 ಮತಗಳು ಬಂದವು. ಶ್ವಾರ್ಜ್‌ನೆಗರ್ ಸುಮಾರು ಶೇ. 48.6, ಲೆಫ್ಟಿನೆಂಟ್ ಗವರ್ನರ್ ಕ್ರೂಜ್ ಬುಸ್ತಮಾಂಟೆ ಶೇ. 31.5, ರಿಪಬ್ಲಿಕನ್ ಟಾಮ್ ಮೆಕ್ಲಿಂಟಾಕ್ ಶೇ. 13.5 ಮತ ಪಡೆದರು. ನಾರ್ತ್ ಡಕೋಟಾದ ಲಿನ್ ಫ್ರೇಜಿಯರ್ (1921) ನಂತರ ಹೀಗೆ ಪದಚ್ಯುತರಾದ ಎರಡನೆಯ ಗವರ್ನರ್ ಡೇವಿಸ್. ನವೆಂಬರ್ 17ರಂದು ಅಧಿಕಾರ ವಹಿಸಿಕೊಂಡ ಶ್ವಾರ್ಜ್‌ನೆಗರ್ ವಾಹನ ಶುಲ್ಕದ ಏರಿಕೆಯನ್ನು ಅಂದೇ ಹಿಂಪಡೆದರು. 2006ರಲ್ಲಿ ಮರು ಆಯ್ಕೆಯಾಗಿ 2011ರ ಜನವರಿವರೆಗೆ ಆಡಳಿತ ನಡೆಸಿದರು.