ಗಾಡ್ಗೀಳ್, ಮಾಧವ: ಸಂಶೋಧನೆ ಮತ್ತು ಉಲ್ಲೇಖ ಪ್ರಭಾವ

ಭಾರತೀಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ (ಜನನ 1942, ಪುಣೆ) ಸಂಶೋಧನ ಬರಹಗಳು ಗಣಿತೀಯ ಪರಿಸರ ವಿಜ್ಞಾನದಿಂದ ಜನಸಮುದಾಯಗಳ ಸಂರಕ್ಷಣಾ ಪದ್ಧತಿಗಳವರೆಗೆ ಹರಡಿವೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರವನ್ನು ಕಟ್ಟಿದರು.

ಅತಿ ಹೆಚ್ಚು ಉಲ್ಲೇಖಗೊಂಡ ಬರಹಗಳಲ್ಲಿ ಮುಖ್ಯವಾದುದು ವಿಲಿಯಂ ಬಾಸರ್ಟ್ ಜತೆ 1970ರಲ್ಲಿ 'ಅಮೆರಿಕನ್ ನ್ಯಾಚುರಲಿಸ್ಟ್' ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಬಂಧ. ಸಂತಾನೋತ್ಪತ್ತಿಗೆ ವ್ಯಯಿಸಿದ ಶಕ್ತಿ ಬೆಳವಣಿಗೆಗೂ ಉಳಿವಿಗೂ ಕೊರತೆಯಾಗುತ್ತದೆ. ಈ ಲಾಭನಷ್ಟದ ಸ್ವರೂಪಕ್ಕೆ ತಕ್ಕಂತೆ ಕೆಲವು ಜೀವಿಗಳು ವರ್ಷವರ್ಷವೂ ಸಂತಾನ ಪಡೆದರೆ, ಬಿದಿರಿನಂಥವು ಒಮ್ಮೆ ಹೂಬಿಟ್ಟು ಸಾಯುತ್ತವೆ ಎಂಬುದನ್ನು ವಿವರಿಸುವ ಗಣಿತ ಮಾದರಿ ಅದರಲ್ಲಿದೆ. ಜೀವನಕ್ರಮ ವಿಕಾಸದ ಅಧ್ಯಯನಕ್ಕೆ ಇದು ಬುನಾದಿ ಬರಹಗಳಲ್ಲೊಂದು.

ವಿ.ಡಿ. ವರ್ತಕ್ ಜತೆಗಿನ ಪಶ್ಚಿಮ ಘಟ್ಟದ ದೇವರಕಾಡುಗಳ ಅಧ್ಯಯನ (1976), ಬರ್ಕ್ಸ್ ಮತ್ತು ಫೋಕೆ ಜತೆಗಿನ ಸ್ಥಳೀಯ ಜ್ಞಾನ ಕುರಿತ ಲೇಖನ (1993) ಜೀವಶಾಸ್ತ್ರದ ಆಚೆಗೂ ಓದುಗರನ್ನು ಪಡೆದವು. ರಾಮಚಂದ್ರ ಗುಹಾ ಜತೆ ಬರೆದ 'ದಿಸ್ ಫಿಷರ್ಡ್ ಲ್ಯಾಂಡ್' (1992) ಭಾರತದ ಪರಿಸರ ಇತಿಹಾಸದ ಆಧಾರಗ್ರಂಥ.

ಉತ್ತರ ಕನ್ನಡದ ಬಿದಿರಿನ ಅಧ್ಯಯನ ಅವರ ಕ್ಷೇತ್ರಕಾರ್ಯದ ಒಳ್ಳೆಯ ನಿದರ್ಶನ. ಕಾಗದ ಕಾರ್ಖಾನೆಗಾಗಿ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ತೆಗೆದುಹಾಕುತ್ತಿದ್ದರು. ಕಾವಲಿಲ್ಲದ ಎಳೆಯ ಕಳಲೆ ದನಕರು, ಕಾಡುಪ್ರಾಣಿಗಳ ಪಾಲಾಗುತ್ತಿತ್ತು. ಇಂಥ ಕೆಲಸದ ಬೆಲೆ ಉಲ್ಲೇಖ ಸಂಖ್ಯೆಯಲ್ಲಿ ಪೂರ್ತಿ ಕಾಣದು. ಅವರ ಅಧ್ಯಕ್ಷತೆಯ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯ 2011ರ ವರದಿ ವಿದ್ವತ್ ಪತ್ರಿಕೆಗಳಿಗಿಂತ ಹೆಚ್ಚಾಗಿ ಗ್ರಾಮಸಭೆ, ಶಾಸನಸಭೆಗಳಲ್ಲಿ ಚರ್ಚೆಗೊಳಗಾಯಿತು.