ಗುರುವನ್ನು ಅಳೆಯುವ ಬಗೆ: ಕುಂಬ್ಳೆ ಪ್ರಸಂಗ



ಕಳೆದ ಯುಗಾದಿಯ ಮರುದಿನ ಚಿನಕುರಳಿಯ ನಮ್ಮ ಮನೆಯ ಜಗುಲಿಯಲ್ಲಿ ಹಳೆಯ ವಿದ್ಯಾರ್ಥಿಗಳಿಬ್ಬರು ಕುಳಿತಿದ್ದರು. ಮಾತು ಕ್ರಿಕೆಟ್ಟಿನತ್ತ ಹೊರಳಿತು. ಅವರಲ್ಲೊಬ್ಬ, “ಮೇಷ್ಟ್ರೇ, ಕುಂಬ್ಳೆಯವರನ್ನ ಕೋಚ್ ಮಾಡಿದ್ದೇ ತಪ್ಪಾಯ್ತು ಅಂತೀರಾ?” ಎಂದು ಕೇಳಿದ. ಆ ಹೊತ್ತಿಗೆ ಏನೋ ಹೇಳಿ ಮುಗಿಸಿದೆ. ಪ್ರಶ್ನೆ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಇತಿಹಾಸ ಪಾಠ ಮಾಡಿದವನು ಫಲವನ್ನಷ್ಟೇ ನೋಡಿ ತೀರ್ಪು ಕೊಡಬಾರದು. ನಿರ್ಧಾರ ಮಾಡಿದ ದಿನ ಅದನ್ನು ಮಾಡಿದವರ ಮುಂದೆ ಏನೇನಿತ್ತು ಎಂಬುದನ್ನು ಮೊದಲು ವಿಚಾರಿಸಬೇಕು.

2016ರ ಜೂನ್ ತಿಂಗಳಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಪುರುಷರ ತಂಡದ ಮುಖ್ಯ ತರಬೇತುದಾರನ ಹುದ್ದೆಗೆ ಅರ್ಜಿ ಆಹ್ವಾನಿಸಿತು. ಬಂದ 57 ಅರ್ಜಿಗಳನ್ನು ಸೋಸಿ 21ಕ್ಕೆ ಇಳಿಸಲಾಯಿತು. ಆಯ್ಕೆಯ ಹೊಣೆ ಹೊತ್ತ ಸಲಹಾ ಸಮಿತಿಯಲ್ಲಿ ಸಚಿನ್ ತೆಂಡೂಲ್ಕರ್, ಸೌರವ್ ಗಂಗೂಲಿ ಮತ್ತು ವಿ.ವಿ.ಎಸ್. ಲಕ್ಷ್ಮಣ್ ಇದ್ದರು. ಕಲ್ಕತ್ತೆಯಲ್ಲಿ ಸಂದರ್ಶನಗಳು ನಡೆದವು. ಜೂನ್ 23ರಂದು ಅನಿಲ್ ಕುಂಬ್ಳೆಯವರ ಹೆಸರು ಪ್ರಕಟವಾಯಿತು. ಅವಧಿ ಒಂದು ವರ್ಷ.

ಅಭ್ಯರ್ಥಿಯ ಪರವಾಗಿ ಹೇಳಬೇಕಾದದ್ದು ಬಹಳವಿತ್ತು. 132 ಟೆಸ್ಟ್‌ಗಳಲ್ಲಿ 619 ವಿಕೆಟ್. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಮೇಲೆ ಒಂದೇ ಇನಿಂಗ್ಸ್‌ನಲ್ಲಿ ಹತ್ತಕ್ಕೆ ಹತ್ತು. 2002ರಲ್ಲಿ ಆಂಟಿಗಾದಲ್ಲಿ ದವಡೆ ಮುರಿದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು ಮೈದಾನಕ್ಕಿಳಿದು ಲಾರಾನನ್ನು ಔಟ್ ಮಾಡಿದ ಛಲ. ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಓದಿದ ಇಂಜಿನಿಯರ್. ಭಾರತ ತಂಡದ ನಾಯಕ. 2010ರಿಂದ 2013ರವರೆಗೆ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ. ಐಪಿಎಲ್ ತಂಡಗಳಿಗೆ ಮಾರ್ಗದರ್ಶಕ.

ಕೊರತೆಯೂ ಇತ್ತು. ಯಾವುದೇ ರಾಜ್ಯ ತಂಡಕ್ಕಾಗಲಿ ದೇಶದ ತಂಡಕ್ಕಾಗಲಿ ಅವರು ಅದುವರೆಗೆ ಮುಖ್ಯ ತರಬೇತುದಾರರಾಗಿರಲಿಲ್ಲ. ಎದುರಿಗಿದ್ದ ರವಿ ಶಾಸ್ತ್ರಿಯವರಾದರೋ 2014ರಿಂದ 2016ರವರೆಗೆ ಇದೇ ತಂಡದ ನಿರ್ದೇಶಕರಾಗಿ ಆಟಗಾರರೊಡನೆ ಇದ್ದವರು. ಸಮಿತಿಯು ಅನುಭವಕ್ಕಿಂತ ವ್ಯಕ್ತಿಯ ಘನತೆಗೆ ಹೆಚ್ಚು ಅಂಕ ಕೊಟ್ಟಿತು ಎಂದು ಹೇಳಬಹುದು.

ಫಲಿತಾಂಶ ಸಮಿತಿಯ ಮಾನ ಉಳಿಸಿತು. ವೆಸ್ಟ್ ಇಂಡೀಸ್, ನ್ಯೂಜಿಲೆಂಡ್, ಇಂಗ್ಲೆಂಡ್, ಬಾಂಗ್ಲಾದೇಶ, ಆಸ್ಟ್ರೇಲಿಯಾ ಹೀಗೆ ಎಲ್ಲ ತಂಡಗಳ ಎದುರೂ ಜಯ. ಆಡಿದ 17 ಟೆಸ್ಟ್‌ಗಳಲ್ಲಿ 12 ಗೆಲುವು, 4 ಡ್ರಾ, ಸೋಲು ಒಂದೇ. 2017ರ ಜೂನ್ 18ರಂದು ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನಕ್ಕೆ ಸೋತದ್ದು ನಿಜ. ಆದರೂ ಸಲಹಾ ಸಮಿತಿಯು ಕುಂಬ್ಳೆಯವರೇ ಮುಂದುವರಿಯಲಿ ಎಂದಿತು. ಎರಡು ದಿನಗಳಲ್ಲಿ, ಜೂನ್ 20ರಂದು, ಅವರೇ ಹುದ್ದೆ ಬಿಟ್ಟರು.

ಅಂದು ಅವರು ಹೊರಡಿಸಿದ ಹೇಳಿಕೆಯನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ತಮ್ಮ ಕಾರ್ಯಶೈಲಿಯ ಬಗ್ಗೆ ನಾಯಕನಿಗೆ ಅಸಮಾಧಾನವಿದೆ ಎಂಬ ಸಂಗತಿ ಮಂಡಳಿಯಿಂದ ಹಿಂದಿನ ದಿನವಷ್ಟೇ, ಅದೂ ಮೊದಲ ಬಾರಿಗೆ, ತಮಗೆ ತಿಳಿಯಿತು ಎಂದು ಬರೆದಿದ್ದರು. ತಂಡಕ್ಕೆ ಕನ್ನಡಿ ಹಿಡಿಯುವುದೇ ತರಬೇತುದಾರನ ಕೆಲಸವೆಂಬ ಮಾತೂ ಅದರಲ್ಲಿತ್ತು. ಅಂದಿನ ನಾಯಕ ವಿರಾಟ್ ಕೊಹ್ಲಿ.

ನಾನೇಕೆ ಸುಮ್ಮನೆ ಕುಳಿತೆನೆಂದು ಹೇಳಬೇಕು. ತೊಂಬತ್ತರ ದಶಕದಲ್ಲಿ ನಾನಿದ್ದ ಒಂದು ಪ್ರೌಢಶಾಲೆಗೆ ದೈಹಿಕ ಶಿಕ್ಷಕರಿರಲಿಲ್ಲ. ವಾಲಿಬಾಲ್ ತಂಡದ ಹೊಣೆ ನನ್ನ ಹೆಗಲಿಗೆ ಬಂತು. ಬೆಳಗ್ಗೆ ಆರಕ್ಕೆ ಮೈದಾನದಲ್ಲಿರಬೇಕು; ತಡವಾದವನಿಗೆ ಆ ದಿನ ಆಟವಿಲ್ಲ. ರಾತ್ರಿ ಗದ್ದೆಗೆ ನೀರು ಕಟ್ಟಿ ಬಂದ ಹುಡುಗನಿಗೂ ಅದೇ ನಿಯಮ. ತಾಲ್ಲೂಕು ಮಟ್ಟದಲ್ಲಿ ಗೆದ್ದೆವು. ಮರುವರ್ಷ ಹುಡುಗರು ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ, “ಬೇರೆ ಮೇಷ್ಟ್ರನ್ನ ಕೊಡಿ ಸಾರ್” ಎಂದು ಕೇಳಿದರಂತೆ. ನನಗೆ ಅದು ತಿಳಿದದ್ದು ಅವರ ಬಾಯಿಂದ. ಶಿಸ್ತನ್ನು ಸಹಿಸದ ಹುಡುಗರು ಎಂದು ಬಹುಕಾಲ ಹೇಳಿಕೊಂಡು ತಿರುಗಿದೆ.

ಇಂದು ಬೇರೆ ರೀತಿ ತೋರುತ್ತದೆ. ಸಂದರ್ಶನದಲ್ಲಿ ಅಭ್ಯರ್ಥಿಯ ವಿದ್ಯೆ, ಸಾಧನೆ, ನಡತೆ ಕಾಣುತ್ತವೆ. ಅವನೆದುರು ಕುಳಿತು ಕಲಿಯುವವರ ಮನಸ್ಸು ಅಲ್ಲಿ ಕಾಣುವುದಿಲ್ಲ. ರಾಹುಲ್ ದ್ರಾವಿಡ್ ಅವರ ಉದಾಹರಣೆಯನ್ನು ಪಕ್ಕಕ್ಕಿಟ್ಟು ನೋಡಿ. 2015ರಿಂದ ಅವರು 19 ವರ್ಷದೊಳಗಿನವರ ತಂಡಕ್ಕೂ ‘ಎ’ ತಂಡಕ್ಕೂ ಪಾಠ ಹೇಳಿದರು. 2018ರಲ್ಲಿ ಕಿರಿಯರು ವಿಶ್ವಕಪ್ ಗೆದ್ದರು. 2019ರಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಮುಖ್ಯಸ್ಥರಾದರು. 2021ರ ನವೆಂಬರಿನಲ್ಲಿ ಹಿರಿಯರ ತಂಡಕ್ಕೆ ನೇಮಕವಾಗುವಾಗ ಸಮಿತಿಯ ಮುಂದೆ ಇದ್ದದ್ದು ಒಬ್ಬ ಆಟಗಾರನ ಲೆಕ್ಕ ಮಾತ್ರವಲ್ಲ, ಒಬ್ಬ ಗುರುವಿನ ಆರು ವರ್ಷಗಳ ದುಡಿಮೆ. ಅವರ ಕೈಯಲ್ಲಿ ಬೆಳೆದ ಹುಡುಗರಲ್ಲಿ ಕೆಲವರು ಆಗಲೇ ದೇಶದ ತಂಡದಲ್ಲಿದ್ದರು. 2023ರ ಅಹಮದಾಬಾದಿನ ಅಂತಿಮ ಪಂದ್ಯದಲ್ಲಿ ಸೋತರೂ, 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ-20 ವಿಶ್ವಕಪ್ ಎತ್ತಿದರು.

ಆದ್ದರಿಂದ ಜಗುಲಿಯ ಪ್ರಶ್ನೆಗೆ ನನ್ನ ಉತ್ತರವಿದು: ಕುಂಬ್ಳೆಯವರನ್ನು ಆರಿಸಿದ್ದು ತಪ್ಪಲ್ಲ. 12 ಗೆಲುವುಗಳು ಅದಕ್ಕೆ ಸಾಕ್ಷಿ. ಆರಿಸಿದ ಮೇಲೆ, ಗುರುವಿಗೂ ಶಿಷ್ಯರಿಗೂ ಹೊಂದುತ್ತಿದೆಯೇ ಎಂದು ವರ್ಷದ ನಡುವೆ ಕೇಳಿ, ಕೇಳಿದ್ದನ್ನು ಗುರುವಿನ ಕಿವಿಗೆ ಹಾಕದೆ ಹೋದದ್ದು ತಪ್ಪು. ಕನ್ನಡಿ ಹಿಡಿದವನಿಗೆ ತನ್ನ ಮುಖ ಕಾಣುವುದಿಲ್ಲ, ಯಾರಾದರೂ ಹೇಳಬೇಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆ ದಿನ ಪ್ರಶ್ನೆ ಕೇಳಿದವನು ನಮ್ಮ ವಾಲಿಬಾಲ್ ತಂಡದ ನಾಯಕನಾಗಿದ್ದವನೇ. ರಾತ್ರಿ ಗದ್ದೆಗೆ ನೀರು ಕಟ್ಟುತ್ತಿದ್ದವನೂ ಅವನೇ. ಅಂದು ನಿಯಮ ಹೇಳುವ ಮೊದಲು, “ಏಕಪ್ಪ ತಡವಾಯಿತು?” ಎಂದು ನಾನು ಒಮ್ಮೆಯೂ ಕೇಳಲಿಲ್ಲ. ಈ ಬರಹವನ್ನು ಅವನು ಓದುತ್ತಾನೆಂದು ಬಲ್ಲೆ. ಮುಂದಿನ ಸಲ ಬಂದಾಗ ಆ ಮಾತನ್ನೂ ಆಡೋಣಪ್ಪ.